ಮಕ್ಕಳು ಮೊದಲು ಖಾಲಿ ಜಾಗ ಬರೆಯಲಿ

ಕುರ್ಚಿಯ ಚಿತ್ರ ಬರೆಯಲು ಹೇಳಿದರೆ ಹೆಚ್ಚಿನ ಮಕ್ಕಳು ಎದುರಿಗಿರುವ ಕುರ್ಚಿಯನ್ನು ನೋಡುವುದೇ ಇಲ್ಲ. ಕುರ್ಚಿಗೆ ಒಂದೇ ಉದ್ದದ ನಾಲ್ಕು ಕಾಲು, ಮೇಲೊಂದು ಚೌಕ ಹಲಗೆ ಎಂಬುದು ಅವರಿಗೆ ಗೊತ್ತು. ಗೊತ್ತಿದ್ದುದೇ ಕಾಗದಕ್ಕೆ ಇಳಿಯುತ್ತದೆ. ಕಾಲುಗಳ ನಡುವಿನ ಸಂದನ್ನು ಮಾತ್ರ ಬರೆಯಿರಿ ಎಂದರೆ ಕತೆಯೇ ಬೇರೆ. ಆ ಸಂದಿಗೆ ಹೆಸರಿಲ್ಲ, ಮನಸ್ಸಿನಲ್ಲಿ ಮೊದಲೇ ಕೂತ ಆಕಾರವಿಲ್ಲ. ನೋಡದೆ ಬರೆಯುವಂತೆಯೇ ಇಲ್ಲ. ನೆಗೆಟಿವ್ ಸ್ಪೇಸ್ ಎಂದು ಕಲಾಶಾಲೆಗಳಲ್ಲಿ ಕರೆಯುವ ಈ ಪಾಠವನ್ನು ಅಮೆರಿಕದ ಕಲಾಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ 1979ರಲ್ಲಿ ಬಂದ ತಮ್ಮ ಪುಸ್ತಕದ ಮೂಲಕ ಮನೆಮಾತಾಗಿಸಿದರು.

ಶಿಕಾರಿಪುರ, ಸೊರಬದ ಮಕ್ಕಳಿಗೆ ಇದನ್ನು ಕಲಿಸಲು ಆ ಪುಸ್ತಕವೂ ಬೇಕಿಲ್ಲ.

ಈ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರವನ್ನೇ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದು ಮಾಡಿದ ಬಿಳಿ, ಪುಂಡಿ ನಾರಿನ ಕುಂಚ. ಹೆಣ್ಣುಮಕ್ಕಳು ಎಳೆಯ ಪಕ್ಕ ಎಳೆ ಕೂಡಿಸುತ್ತ ಹೋಗುತ್ತಾರೆ. ಹತ್ತಿರ ನಿಂತರೆ ಗೊತ್ತಾಗುತ್ತದೆ: ಎರಡು ಬಿಳಿ ಎಳೆಗಳ ನಡುವೆ ಉಳಿದ ಕೆಂಪೂ ಒಂದು ಎಳೆಯೇ. ಅದು ಒಂದೆಡೆ ದಪ್ಪ, ಇನ್ನೊಂದೆಡೆ ಸಪೂರ ಆಯಿತೋ, ಇಡೀ ಚಿತ್ತಾರ ಸೊಟ್ಟಗಾಗುತ್ತದೆ. ಕೈ ಬಿಳಿಯನ್ನು ಎಳೆಯುತ್ತಿದ್ದರೂ ಕಣ್ಣಿರುವುದು ಕೆಂಪಿನ ಮೇಲೆ. ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಯಲ್ಲಂತೂ ಇದೇ ಲೆಕ್ಕಾಚಾರ ದುಂಡನೆಯ ಬಿದಿರ ಮೈಮೇಲೆ, ಸ್ಕೇಲು ಮುಟ್ಟದೆ, ನಡೆಯುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಯಾವ ಪಠ್ಯದಲ್ಲಿದೆ?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 11ನೇ ಶತಮಾನದ ತ್ರಿಪುರಾಂತಕೇಶ್ವರ ಗುಡಿಯಿದೆ, ಕಲ್ಯಾಣ ಚಾಲುಕ್ಯರ ಕಾಲದ್ದು. ಅಲ್ಲಿನ ಜಾಲಂಧ್ರಗಳಲ್ಲಿ ಶಿಲ್ಪಿ ಕೊರೆದು ತೆಗೆದ ಕಡೆ ಬೆಳಕು, ಬಿಟ್ಟ ಕಡೆ ಆಕೃತಿ. ತೂತು ತುಸು ಹಿಗ್ಗಿದರೆ ಕಲ್ಲು ಮುರಿದೀತು. ಹಾಗಾಗಿ ತೂತಿನ ಆಕಾರವನ್ನೂ ಆತ ಮೊದಲೇ ನಿರ್ಧರಿಸಿರಲೇಬೇಕು. ಸೊರಬದ ಗುಡಿಗಾರರ ಗಂಧದ ಕೆತ್ತನೆಯಲ್ಲೂ ಹಿನ್ನೆಲೆಯನ್ನು ಕೆತ್ತಿ ತೆಗೆದಷ್ಟೂ ಎಲೆ, ಹೂವು ಎದ್ದು ಬರುತ್ತವೆ.

ಇಷ್ಟೆಲ್ಲ ಕೈಯಳತೆಯಲ್ಲಿರುವಾಗಲೂ ಎಷ್ಟೋ ಕಡೆ ಚಿತ್ರಕಲೆಯೆಂದರೆ ಬೋರ್ಡಿನ ಮಾದರಿಯನ್ನು ನಕಲು ಮಾಡಿ, ಉಳಿದ ಬಿಳಿಯನ್ನೆಲ್ಲ ಬಣ್ಣದಿಂದ ಮುಚ್ಚುವುದು ಎಂದಾಗಿರುವುದು ನೋವಿನ ಸಂಗತಿ. ಹಾಳೆಯಲ್ಲಿ ಜಾಗ ಬಿಟ್ಟ ಮಗುವಿಗೆ ‘ಇನ್ನೂ ಮುಗಿಸಿಲ್ಲವಾ’ ಎಂಬ ಗದರಿಕೆ ಬೇರೆ. ಅಜ್ಜಿಗೆ ಬರುವ ವಿದ್ಯೆ ಮೊಮ್ಮಗಳಿಗೆ ಶಾಲೆಯಲ್ಲಿ ತಪ್ಪಾಗಿ ಕಾಣುವುದು ಯಾವ ನ್ಯಾಯ?

ಖರ್ಚಿನ ನೆಪ ಇಲ್ಲಿ ನಡೆಯದು. ಬಳ್ಳಿಗಾವಿಗೆ ಮಕ್ಕಳನ್ನು ಕರೆದೊಯ್ದು, ಇದ್ದಿಲ ತುಂಡು ಕೊಟ್ಟು, ಜಾಲಂಧ್ರದ ತೂತುಗಳನ್ನಷ್ಟೇ ಬರೆಸಲಿ. ಚಿತ್ತಾರ ಬಲ್ಲ ಹೆಂಗಸರನ್ನು ಶಾಲೆಗೆ ಕರೆಸಿ, ಅತಿಥಿ ಶಿಕ್ಷಕರಿಗೆ ಕೊಡುವಂತೆಯೇ ಗೌರವಧನ ಕೊಡುವ ಏರ್ಪಾಡನ್ನು ಶಿಕ್ಷಣ ಇಲಾಖೆ ಮಾಡಲಿ.