ಒಂದೇ ಏಟಿಗೆ ಎಂಟು ಲೆಕ್ಕ

ಸಾವಿರ ವಿದ್ಯಾರ್ಥಿಗಳ ಅಂಕಪಟ್ಟಿ ಇದೆ. ಪ್ರತಿಯೊಬ್ಬರಿಗೂ ಐದು ಕೃಪಾಂಕ ಸೇರಿಸಬೇಕು. ಒಬ್ಬೊಬ್ಬರದನ್ನೇ ಎತ್ತಿಕೊಂಡರೆ ಕಂಪ್ಯೂಟರು ಸಾವಿರ ಸಲ ಕೂಡಬೇಕು. ಎಂಟೆಂಟು ಜನರದನ್ನು ಒಟ್ಟಿಗೆ ತೆಗೆದುಕೊಂಡರೆ 125 ಸಲ ಸಾಕು. ಒಂದೇ ಆಜ್ಞೆಯಿಂದ ಹಲವು ಸಂಖ್ಯೆಗಳ ಲೆಕ್ಕವನ್ನು ಒಮ್ಮೆಗೇ ಮುಗಿಸುವ ಈ ಏರ್ಪಾಡಿನ ಹೆಸರು ‘ಸಿಮ್ಡ್’. 1997ರಲ್ಲಿ ಇಂಟೆಲ್‌ನ ಪೆಂಟಿಯಂ ಚಿಪ್‌ಗಳಿಗೆ ‘ಎಂಎಂಎಕ್ಸ್’ ಎಂಬ ಹೆಸರಿನಲ್ಲಿ ಇದು ಬಂದಾಗ ಅಗಲ 64 ಬಿಟ್. 1999ರಲ್ಲಿ 128, 2011ರಲ್ಲಿ 256 ಆಯಿತು. 32 ಬಿಟ್‌ನ ಎಂಟು ಸಂಖ್ಯೆಗಳು ಅದರಲ್ಲಿ ಸಾಲಾಗಿ ಕೂರುತ್ತವೆ.

ಈ ಆಜ್ಞೆಗಳನ್ನು ಬರೆಯುವವರು ಯಾರು? ಪ್ರೋಗ್ರಾಮರ್ ತಾನೇ ಕೈಯಾರೆ ಬರೆಯಬಹುದು. ಇಲ್ಲವೇ ಸಾದಾ ಪ್ರೋಗ್ರಾಂ ಬರೆದು, ಅದನ್ನು ಯಂತ್ರಭಾಷೆಗೆ ಇಳಿಸುವ ‘ಕಂಪೈಲರ್’ಗೆ ಆ ಕೆಲಸ ಬಿಡಬಹುದು. ಕೃಪಾಂಕದಂಥ ಲೆಕ್ಕವನ್ನು ಕಂಪೈಲರ್ ಸಲೀಸಾಗಿ ನಿಭಾಯಿಸುತ್ತದೆ. ಒಬ್ಬರ ಅಂಕಕ್ಕೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲವಲ್ಲ!

ಆದರೆ ಒಂದು ಪಟ್ಟಿಯ ದಶಮಾಂಶ ಸಂಖ್ಯೆಗಳನ್ನೆಲ್ಲ ಕೂಡಿ ಮೊತ್ತ ತೆಗೆ ಎಂದರೆ ಅದೇ ಕಂಪೈಲರ್ ಹಿಂಜರಿಯುತ್ತದೆ. ಕಾರಣ ಉಂಟು. 32 ಬಿಟ್‌ನ ದಶಮಾಂಶ ಲೆಕ್ಕದಲ್ಲಿ ಹತ್ತು ಕೋಟಿಗೆ 1 ಕೂಡಿ ಹತ್ತು ಕೋಟಿ ಕಳೆದರೆ ಉತ್ತರ 0! ಅಷ್ಟು ದೊಡ್ಡ ಸಂಖ್ಯೆಯ ಜೊತೆ ಆ 1ನ್ನು ಹಿಡಿದಿಡಲು ಬಿಟ್‌ಗಳು ಸಾಲವು. ಮೊದಲು ಕಳೆದು ಆಮೇಲೆ 1 ಕೂಡಿದರೆ ಉತ್ತರ 1. ಎಂಟೆಂಟಾಗಿ ಕೂಡುವುದೆಂದರೆ ಕೂಡುವ ಕ್ರಮವನ್ನೇ ಬದಲಿಸಿದಂತೆ. ಉತ್ತರ ಬದಲಾಗಬಹುದಾದ ಕಡೆ ಅನುಮತಿಯಿಲ್ಲದೆ ಕಂಪೈಲರ್ ಕೈ ಹಾಕುವುದಿಲ್ಲ. ಇದು ದಡ್ಡತನವಲ್ಲ. ಎಲ್ಲರಿಗಿಂತ ಬೇಗ ಮುಗಿಸಿ ತಪ್ಪು ಉತ್ತರ ಬರೆದವನಿಗೆ ಪರೀಕ್ಷೆಯಲ್ಲಿ ಅಂಕ ಸಿಗುವುದುಂಟೇ?

ಹಾಗೆಂದು ಕೈಬರಹದ ಕಾಲ ಮುಗಿದಿಲ್ಲ. ‘ಎವಿ1’ ಮಾದರಿಯ ವಿಡಿಯೋಗಳನ್ನು ಪರದೆಗೆ ತರುವ, 2018ರಲ್ಲಿ ಹೊರಬಂದ ‘ಡೇವಿಡ್’ ಎಂಬ ತಂತ್ರಾಂಶದಲ್ಲಿ ಹೆಚ್ಚು ಶ್ರಮದ ಭಾಗಗಳನ್ನು ಪರಿಣತರು ಕೈಯಾರೆ ಬರೆದಿದ್ದಾರೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಇಂಟೆಲ್ ಚಿಪ್‌ಗೆಂದು ಬರೆದದ್ದು ಮೊಬೈಲ್ ಫೋನಿನ ‘ಆರ್ಮ್’ ಚಿಪ್‌ಗೆ ಅರ್ಥವಾಗದು, ಮತ್ತೆ ಬರೆಯಬೇಕು. ಸಾದಾ ಪ್ರೋಗ್ರಾಂ ಆದರೋ, ಇನ್ನೊಮ್ಮೆ ಕಂಪೈಲ್ ಮಾಡಿದರಾಯಿತು.

ಪ್ರೋಗ್ರಾಂ ಬರೆಯಲು ಕಲಿಯುತ್ತಿರುವ ಮಕ್ಕಳು ಮೊದಲು ಸಾದಾ ರೂಪದಲ್ಲೇ ಬರೆಯಲಿ. ಎಲ್ಲಿ ಹೆಚ್ಚು ಸಮಯ ಹೋಗುತ್ತಿದೆ ಎಂದು ಅಳೆಯಲಿ. ಯಾವ ಭಾಗವನ್ನು ಏಕೆ ಬಿಟ್ಟೆ ಎಂಬುದನ್ನು ಕಂಪೈಲರೇ ವರದಿ ಕೊಡಬಲ್ಲದು, ಅದನ್ನು ಓದಲಿ. ಅಷ್ಟರ ಮೇಲೂ ವೇಗ ಸಾಲದಿದ್ದರೆ ಕೈಯಾರೆ ಬರೆಯಲಿ. ಆಗಲೂ ಮೊದಲಿನ ಸಾದಾ ಪ್ರೋಗ್ರಾಂ ಅನ್ನು ಅಳಿಸಬಾರದು. ವೇಗವಾಗಿ ಬಂದ ಉತ್ತರ ಸರಿಯೇ ಎಂದು ತಾಳೆ ನೋಡಲು ಅದೇ ಬೇಕು.