ಕೆಂಟಕಿಯ ವಸ್ತುಸಂಗ್ರಹಾಲಯವೂ ನಮ್ಮ ನಗುವೂ

ಒಂದು ಮಧ್ಯಾಹ್ನ, ತರಗತಿಗೂ ತರಗತಿಗೂ ನಡುವಣ ಬಿಡುವಿನಲ್ಲಿ, ನಾವು ಐದಾರು ಮಂದಿ ಗೆಳೆಯರು ಕಾಲೇಜಿನ ಎದುರಿನ ಚಹದಂಗಡಿಯಲ್ಲಿ ಕೂಡಿದ್ದೆವು. ಒಬ್ಬನು ತನ್ನ ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದನು. ಜಲಪಾತದ ಬಳಿ ಮಕ್ಕಳು ಆಡುತ್ತಿದ್ದಾರೆ. ಅವರ ಮಗ್ಗುಲಲ್ಲೇ ಡೈನೋಸಾರ್ ಮರಿಗಳು ಸಾಕಿದ ಕುರಿಗಳಂತೆ ಸುಳಿದಾಡುತ್ತಿವೆ! "ಇದು ಸಿನಿಮಾ ಅಲ್ಲ ಕಣ್ರೋ, ಅಮೆರಿಕದ ಒಂದು ಮ್ಯೂಸಿಯಂ" ಎಂದನು. ಎಲ್ಲರೂ ಗೊಳ್ಳೆಂದು ನಕ್ಕೆವು. ನಗದೆ ಉಳಿದವನು ಒಬ್ಬನೇ, ಶಿವಾಜಿನಗರದ ಕಡೆಯಿಂದ ಬರುವ ನಮ್ಮ ಕ್ರೈಸ್ತ ಸಹಪಾಠಿ. ಲೋಟವನ್ನು ಕೆಳಗಿಟ್ಟು, "ಅದು ತಪ್ಪೆಂದು ನಿಮಗೆ ಹೇಗೆ ಗೊತ್ತು?" ಎಂದು ಕೇಳಿದನು. "ವಿಜ್ಞಾನ ಹೇಳುತ್ತದೆ" ಎಂದೆ ನಾನು. "ಏನು ಹೇಳುತ್ತದೆ? ಹೇಳು ನೋಡೋಣ" ಎಂದನು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಈ ಲೇಖನ ಹುಟ್ಟಿದ್ದು ಆ ಪೇಚಾಟದಿಂದ.

ಆ ಸಂಗ್ರಹಾಲಯದ ವೃತ್ತಾಂತವನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಕೆಂಟಕಿ ಸಂಸ್ಥಾನದ ಪೀಟರ್ಸ್‌ಬರ್ಗ್ ಎಂಬಲ್ಲಿ 'ಆನ್ಸರ್ಸ್ ಇನ್ ಜೆನೆಸಿಸ್' ಎಂಬ ಸಂಸ್ಥೆ 2 ಕೋಟಿ 70 ಲಕ್ಷ ಡಾಲರು ವೆಚ್ಚಮಾಡಿ 2007ರ ಮೇ 28ರಂದು ಇದನ್ನು ತೆರೆಯಿತು. ಅದರ ಮುಖಂಡ ಕೆನ್ ಹ್ಯಾಮ್ ಆಸ್ಟ್ರೇಲಿಯದವರು. ಹಿಂದೆ ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದವರು! ಬೈಬಲಿನ ಆದಿಕಾಂಡವನ್ನು ಅಕ್ಷರಶಃ ಚರಿತ್ರೆಯೆಂದು ಹಿಡಿದು, ಭೂಮಿಗೆ ಸುಮಾರು 6000 ವರ್ಷ ವಯಸ್ಸೆಂದೂ, ಸೃಷ್ಟಿಯೆಲ್ಲ ಆರು ದಿನಗಳಲ್ಲಿ ಮುಗಿಯಿತೆಂದೂ, ಪಳೆಯುಳಿಕೆಗಳು ಬಹುಮಟ್ಟಿಗೆ ನೋಹನ ಕಾಲದ ಜಲಪ್ರಳಯದ ಫಲವೆಂದೂ ಅಲ್ಲಿ ಪ್ರತಿಪಾದಿಸುತ್ತಾರೆ.

ಇದಕ್ಕೆ ಜನ ಏನೆಂದರು? ತೆರೆದ ದಿನವೇ ಹೊರಗೆ ಪ್ರತಿಭಟನೆ ನಡೆಯಿತು. ಸುಳ್ಳು ಹೇಳಬಾರದೆಂಬ ಬೈಬಲಿನ ಆಜ್ಞೆಯನ್ನೇ ಬರೆದ ಪಟವನ್ನು ಎಳೆದುಕೊಂಡು ವಿಮಾನವೊಂದು ಮೇಲೆ ಸುತ್ತಿತು. ಸುತ್ತಲಿನ ಮೂರು ಸಂಸ್ಥಾನಗಳ 800ಕ್ಕೂ ಹೆಚ್ಚು ವಿಜ್ಞಾನಿಗಳು ಆತಂಕ ಸೂಚಿಸಿ ರುಜು ಹಾಕಿದರು. ಆದರೂ ಮೊದಲ ವರ್ಷದಲ್ಲೇ 4 ಲಕ್ಷಕ್ಕೂ ಮೀರಿ ಜನ ನೋಡಿದರು. 2008ರ ಡಿಸೆಂಬರಿನಲ್ಲಿ ನೆರೆಯ ಸಿನ್ಸಿನಾಟಿಯ ಮೃಗಾಲಯ ಸಂಗ್ರಹಾಲಯದೊಡನೆ ಕೂಡಿ ಎರಡಕ್ಕೂ ಒಂದೇ ಟಿಕೆಟ್ಟು ಮಾರಹೊರಟು, ಆಕ್ಷೇಪಣೆ ಬಂದೊಡನೆ ಕೈಬಿಟ್ಟಿತು. ಮರುವರ್ಷ ಜೂನಿನಲ್ಲಿ ಸಮ್ಮೇಳನಕ್ಕೆ ಬಂದಿದ್ದ ಸುಮಾರು 70 ಮಂದಿ ಪಳೆಯುಳಿಕೆ ತಜ್ಞರು ಅದನ್ನು ನೋಡಲು ಹೋದರು. ಕೆಲವರು ನಕ್ಕರು, ಕೆಲವರು ವ್ಯಥೆಪಟ್ಟರು. 2014ರ ಫೆಬ್ರವರಿ 4ರಂದು ಅಲ್ಲೇ ಬಿಲ್ ನೈ ಎಂಬ ಪ್ರಸಿದ್ಧ ವಿಜ್ಞಾನಪ್ರಚಾರಕರಿಗೂ ಹ್ಯಾಮ್ ಅವರಿಗೂ ವಾದ ನಡೆಯಿತು. ನಿಮ್ಮ ಅಭಿಪ್ರಾಯವನ್ನು ಯಾವುದು ಬದಲಿಸಬಲ್ಲದು ಎಂಬ ಪ್ರಶ್ನೆ ಇಬ್ಬರಿಗೂ ಬಂದಿತು. ಪ್ರಮಾಣ ಸಿಕ್ಕರೆ ಬದಲಿಸುವೆನೆಂದರು ನೈ. ಬೈಬಲು ದೇವರ ಮಾತಲ್ಲವೆಂದು ತಮಗೆ ಯಾರೂ ಮನಗಾಣಿಸಲಾರರೆಂದರು ಹ್ಯಾಮ್. ಇಂಥವರ ವೇದಿಕೆಯನ್ನು ಏರಿದ್ದೇ ತಪ್ಪೆಂದು ನೈ ಅವರನ್ನು ಬೈದ ವಿಜ್ಞಾನಿಗಳೂ ಇದ್ದರು. ನನಗೇನೋ ಬೈದವರಿಗಿಂತ ಏರಿದವರೇ ಮೇಲೆನಿಸುತ್ತದೆ.

ಇನ್ನು ನಮ್ಮ ಸಹಪಾಠಿಯ ವಿಷಯ. ಅವನು ಆ ಸಂಗ್ರಹಾಲಯದ ಪಕ್ಷಪಾತಿಯೆಂದು ನಾವು ಭಾವಿಸಿದ್ದು ನಮ್ಮ ಅಜ್ಞಾನ. ಅವನು ಕ್ಯಾಥೊಲಿಕ್ ಮನೆತನದವನು. ವಿಕಾಸವಾದವನ್ನು ಚರ್ಚಿಸಲು ಅಡ್ಡಿಯಿಲ್ಲವೆಂದು ಹನ್ನೆರಡನೆಯ ಪಯಸ್ ಪೋಪರು 1950ರಲ್ಲೇ ಹೇಳಿದ್ದರು. ಅದು ಬರಿಯ ಊಹೆಗಿಂತ ಹೆಚ್ಚಿನದೆಂದು ಎರಡನೆಯ ಜಾನ್ ಪಾಲ್ ಪೋಪರು 1996ರಲ್ಲಿ ಒಪ್ಪಿದರು. ಸೇಂಟ್ ಮೇರಿ ಬೆಸಿಲಿಕದ ಸೆಪ್ಟೆಂಬರ್ ಜಾತ್ರೆಯಲ್ಲಿ ಮೇಣದ ಬತ್ತಿ ಹಚ್ಚುವವರೆಲ್ಲ ಕೆಂಟಕಿಯ ಮತದವರೆಂದು ಎಣಿಸುವುದು ಎಂಥ ಮೌಢ್ಯ! "ನಾನು ಅದನ್ನು ನಂಬುವುದಿಲ್ಲ, ಆದರೆ ನೀವು ನಕ್ಕದ್ದು ಅದು ಸುಳ್ಳೆಂದಲ್ಲ, ಪರರದೆಂದು" ಎಂದನು ಅವನು. ಈ ಮಾತು ಈಗಲೂ ಚುಚ್ಚುತ್ತದೆ.

ಏಕೆಂದರೆ ನಮ್ಮದೇ ಸರಕು ಬಂದಾಗ ನಾವು ನಗುವುದಿಲ್ಲ. ಆಗ ಕೇಂದ್ರದಲ್ಲಿ ಮಾನವ ಸಂಪನ್ಮೂಲ ಖಾತೆಯ ರಾಜ್ಯಮಂತ್ರಿಗಳಾಗಿದ್ದ ಸತ್ಯಪಾಲ್ ಸಿಂಗ್ ಅವರು 2018ರ ಜನವರಿಯಲ್ಲಿ, ಕಪಿ ಮನುಷ್ಯನಾದುದನ್ನು ನಮ್ಮ ಪೂರ್ವಿಕರು ಯಾರೂ ಕಂಡಿಲ್ಲ, ಡಾರ್ವಿನ್ನನ ವಾದ ತಪ್ಪು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಇದನ್ನು ಖಂಡಿಸಿದುವು; ಅವುಗಳಲ್ಲಿ ಒಂದು ನಮ್ಮ ಬೆಂಗಳೂರಿನದೇ, ಸಿ. ವಿ. ರಾಮನ್ ಅವರು 1934ರಲ್ಲಿ ಸ್ಥಾಪಿಸಿದ್ದು. ಚಹದಂಗಡಿಯ ನಾವು ಏನೆಂದೆವು? ಏನೂ ಇಲ್ಲ. ಇನ್ನು ಕೆಲವರು ಡಾರ್ವಿನ್ನನನ್ನು ಅಲ್ಲಗಳೆಯುವುದಿಲ್ಲ, ಬಾಚಿ ತಬ್ಬಿಕೊಳ್ಳುತ್ತಾರೆ: ಮೀನು, ಆಮೆ, ಹಂದಿ, ನರಸಿಂಹ, ದಶಾವತಾರವೇ ವಿಕಾಸವಾದವಂತೆ! ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ, ಇನ್ನೇನು ಬೇಕೆನ್ನುತ್ತಾರೆ. ಅಂಕಿಗಳು ಹತ್ತಿರ ಬಂದರೆ ಸಾಕೆ? ಒಂದು ಅಂಕಿಯ ಹಿಂದೆ ಬಂಡೆಯ ಪರೀಕ್ಷೆ ಇದೆ, ಇನ್ನೊಂದರ ಹಿಂದೆ ಇಲ್ಲ. ಪುರಾಣ ಪುರಾಣವಾಗಿ ನನಗೆ ಪ್ರಿಯವೇ. ಅದರ ಕೈಗೆ ಬಲವಂತವಾಗಿ ಪ್ರಯೋಗಶಾಲೆಯ ನಳಿಕೆಯನ್ನು ಕೊಟ್ಟರೆ ಎರಡಕ್ಕೂ ಅಪಚಾರ.

ಕಲಾವಿಭಾಗದ ನಮಗೆ ಇದರಲ್ಲಿ ವಿಶೇಷ ನಷ್ಟವಿದೆ. ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ವಿಕಾಸ ಎಂದಿದ್ದ ಅಧ್ಯಾಯವು, ಕೊರೊನಾ ಕಾಲದಲ್ಲಿ ಮಕ್ಕಳ ಹೊರೆ ಇಳಿಸುವ ನೆಪದಲ್ಲಿ, ಬರಿಯ ಅನುವಂಶೀಯತೆಯಾಗಿ ಉಳಿಯಿತು. 2023ರ ಏಪ್ರಿಲಿನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಬಹಿರಂಗ ಪತ್ರಕ್ಕೆ ರುಜುಮಾಡಿದರು. ಹನ್ನೆರಡನೆಯ ತರಗತಿಯಲ್ಲಿ ಆ ಪಾಠ ಇದೆಯಲ್ಲ ಎಂಬುದು ಸಮಾಧಾನದ ಉತ್ತರ. ಇದೆ, ಜೀವಶಾಸ್ತ್ರ ತೆಗೆದುಕೊಂಡವರಿಗೆ. ಚರಿತ್ರೆ, ಅರ್ಥಶಾಸ್ತ್ರ, ಕನ್ನಡ ಓದುವವರಿಗೆ ಹತ್ತನೆಯ ತರಗತಿಯೇ ವಿಜ್ಞಾನದ ಕೊನೆಯ ಮೆಟ್ಟಿಲು. ನಾಳೆ ಶಾಲೆಯ ಉಪಾಧ್ಯಾಯರೂ ತಹಸೀಲ್ದಾರರೂ ಆಗುವವರು ನಮ್ಮಲ್ಲೇ ಇದ್ದಾರಲ್ಲವೆ? ಅವರಿಗೆ ಈ ಪಾಠ ಬೇಡವೆಂದು ತೀರ್ಮಾನಿಸಿದವರು ಯಾರು?

ಆಮೇಲೊಂದು ಭಾನುವಾರ ಆ ಸಹಪಾಠಿಯೂ ನಾನೂ ಲಾಲ್‌ಬಾಗಿಗೆ ಹೋಗಿ, ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತಿದೆವು. ಸುಮಾರು 300 ಕೋಟಿ ವರ್ಷದ ಬಂಡೆ ಅದು. ಕೆಂಟಕಿಯವರ ಲೆಕ್ಕಕ್ಕೆ 5 ಲಕ್ಷ ಪಾಲು. ಈ ಸಲ ನಾನು ನಮ್ಮ ಭೂಗೋಳದ ಮೇಷ್ಟರನ್ನು ಕೇಳಿ ತಿಳಿದುಕೊಂಡೇ ಹೋಗಿದ್ದೆ. ಇಂಥ ಬಂಡೆಗಳಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಹುಟ್ಟುವಾಗ ಅವು ಯುರೇನಿಯಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತವೆ, ಸೀಸವನ್ನು ಹೊರಗಿಡುತ್ತವೆ. ಒಳಗಿನ ಯುರೇನಿಯಮ್ ತನ್ನದೇ ನಿಧಾನದಲ್ಲಿ, ಅರ್ಧ ಕರಗಲು 447 ಕೋಟಿ ವರ್ಷ ಹಿಡಿಯುವ ನಿಧಾನದಲ್ಲಿ, ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸ ಕೂಡಿದೆಯೆಂದು ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ.

ಅವನು ಗಮನವಿಟ್ಟು ಕೇಳಿದನು. "ಇಷ್ಟನ್ನು ಅಂದೇ ಹೇಳಿದ್ದರೆ ಆಗುತ್ತಿತ್ತಲ್ಲೋ" ಎಂದನು. ಸ್ವಲ್ಪ ತಡೆದು, "ಕಲ್ಲಿನ ಮಾತು ಸರಿ, ಇನ್ನು ಕಪಿಯ ಮಾತು?" ಎಂದು ಮತ್ತೆ ಕೇಳಿದನು. ಮರುದಿನ ಇಬ್ಬರೂ ಗ್ರಂಥಾಲಯಕ್ಕೆ ಹೋದೆವು. ವಿಜ್ಞಾನದ ಪುಸ್ತಕಗಳ ಬೀರುವಿಗೆ ಬೀಗ ಹಾಕಿತ್ತು. ಕಲಾವಿಭಾಗದವರು ಯಾರೂ ಕೇಳುವುದಿಲ್ಲವೆಂದು ಅದರ ಕೀಲಿಕೈಯನ್ನು ಬೇರೆ ಗೊಂಚಲಿನಲ್ಲಿ ಇಟ್ಟಿದ್ದರು. ಹುಡುಕಿ ತರಲು ಅರ್ಧ ಗಂಟೆ ಹಿಡಿಯಿತು.