ಕಮಲಾಪುರದ ಬಡಿಗನಿಗೆ ಸಾಲ ಸಿಗ್ತದ, ಆರ್ಡರ್ ಕೊಡೋರು ಯಾರು?

ಕಲಬುರಗಿ: ಮದುವೆ ಸೀಸನ್ ಬಂತಂದ್ರೆ ಕಮಲಾಪುರ ಭಾಗದ ಮಂದಿ ಮಂಚ, ಸೋಫಾ, ತಿಜೋರಿ ನೋಡಲು ಕಲಬುರಗಿ ಬಸ್ ಹತ್ತುತ್ತಾರೆ. ಊರಲ್ಲಿ ಬಡಿಗರು ಇಲ್ಲ ಅಂತಲ್ಲ. ಶೋರೂಮಿನಲ್ಲಿ ಮಾಲು ಕಣ್ಣೆದುರಿಗೇ ಇರುತ್ತದೆ, ಕಂತಿನ ಮೇಲೆ ಸಿಗುತ್ತದೆ. ಬಡಿಗನ ಹತ್ತಿರ ಹೋದರೆ ಅಡ್ವಾನ್ಸ್ ಕೊಟ್ಟು ವಾರಗಟ್ಟಲೆ ಕಾಯಬೇಕು.

ಹಿಂದೆ ಬಡಿಗನಿಗೆ ಗಿರಾಕಿ ಹುಡುಕುವ ಚಿಂತೆ ಇರಲಿಲ್ಲ. ಕೂರಿಗೆ, ಕುಂಟೆ, ಬಂಡಿ ಮಾಡಿಕೊಟ್ಟರೆ ರಾಶಿ ಹೊತ್ತಿಗೆ ರೈತ ಜೋಳ ಅಳೆದು ಕೊಡುತ್ತಿದ್ದ. ಅದೇ ಆಯ. ಟ್ರ್ಯಾಕ್ಟರ್, ಕಬ್ಬಿಣದ ಕೂರಿಗೆ ಬಂದ ಮೇಲೆ ಆಯ ನಿಂತಿತು. ಉಳಿದದ್ದು ಬಾಗಿಲು, ಚೌಕಟ್ಟು. ಈಗ ಅದಕ್ಕೂ ರೆಡಿಮೇಡ್ ಬಂದದ.

ಆದರೂ ಕೈಕೆಲಸದ ಬೆಲೆ ಹೋಗಿಲ್ಲ. ಪಾರ್ಟಿಕಲ್ ಬೋರ್ಡಿಗೆ ನೀರು ತಾಗಿದರೆ ಉಬ್ಬುತ್ತದೆ, ಒಮ್ಮೆ ಕಿತ್ತ ಸ್ಕ್ರೂ ಮತ್ತೆ ಬಿಗಿ ಹಿಡಿಯುವುದಿಲ್ಲ. ಚೆನ್ನಾಗಿ ಒಣಗಿದ ಸಾಗವಾನಿ, ಬೇವಿನ ಮರದಲ್ಲಿ ಗೂಟ ಬಡಿದು ಕೂಡಿಸಿದ ಮಂಚ ಸಡಿಲಾದರೆ ಮತ್ತೆ ಬಿಗಿ ಮಾಡಬಹುದು. ಕೊರತೆ ಇರೋದು ಡಿಸೈನಿನಲ್ಲಿ. ಭಾರೀ ಕೆತ್ತನೆ ಮಂಚ ಎರಡು ರೂಮಿನ ಮನೆಗೆ ಹಿಡಿಸಲ್ಲ. ಬಿಚ್ಚಿ ಜೋಡಿಸುವಂಥದ್ದು, ಕೆಳಗೆ ಸಾಮಾನಿಡಲು ಬಾಕ್ಸ್ ಇರುವಂಥದ್ದು ಬೇಕು. ಕೆತ್ತನೆ ತಲೆದಿಂಬಿನ ಕಡೆಯ ಹಲಗೆಗೆ ಮಾತ್ರ ಇದ್ದರೆ ಸಾಕು.

ಚನ್ನಪಟ್ಟಣದವರು ಮಾಡಿದ್ದೂ ಇದನ್ನೇ. ಅದೇ ಆಲೆ ಮರ, ಅದೇ ಅರಗಿನ ಬಣ್ಣ. ಆದರೆ ಆಟಿಕೆ ಜೊತೆಗೆ ದೀಪದ ಸ್ಟ್ಯಾಂಡು, ಬಾಗಿಲ ಹಿಡಿಕೆ ತಯಾರಿಸಿದರು. ಕಸುಬು ಬದಲಾಗಲಿಲ್ಲ, ಮಾಲು ಬದಲಾಯಿತು.

ಸರ್ಕಾರದ ದುಡ್ಡು ಇಲ್ಲ ಅಂತಲೂ ಅಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ. ತರಬೇತಿ ದಿನಕ್ಕೆ 500 ರೂ. ಭತ್ಯೆ, ಸಲಕರಣೆಗೆ 15,000 ರೂ., ಜಾಮೀನಿಲ್ಲದೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂ. ಸಾಲ, ಬಡ್ಡಿ ಶೇ 5.

ಲೆಕ್ಕ ಇಲ್ಲೇ ಸಿಕ್ಕಿಬೀಳುತ್ತದೆ. 1 ಲಕ್ಷವನ್ನು 18 ತಿಂಗಳಲ್ಲಿ ತೀರಿಸಬೇಕು. ತಿಂಗಳಿಗೆ ಕಂತು ಸುಮಾರು 5,780 ರೂ. ಮದುವೆ ಸೀಸನ್ನಿನಲ್ಲಿ ಕಟ್ಟಬಹುದು; ಆಷಾಢದಲ್ಲಿ ಎಲ್ಲಿಂದ ತರಬೇಕು? ತಿಂಗಳಿಗೆ ನಾಲ್ಕಾದರೂ ಖಾತ್ರಿ ಆರ್ಡರ್ ಇಲ್ಲದೆ ಸಾಲ ತಗೊಂಡರೆ ಮಷೀನು ಮೂಲೆ ಸೇರುತ್ತದೆ, ಕಂತು ಬೆಳೆಯುತ್ತದೆ.

ಆ ಖಾತ್ರಿ ಕೊಡಬಲ್ಲವರು ಕಲಬುರಗಿಯ ಫರ್ನಿಚರ್ ಅಂಗಡಿಯವರು. ಹೊರಗಿನಿಂದ ಮಾಲು ತರಿಸಿದರೆ ಲಾರಿ ಬಾಡಿಗೆ, ದಾರಿಯಲ್ಲಿ ಒಡೆದದ್ದು ಎಲ್ಲ ತಲೆ ಮೇಲೆ. ಗಿರಾಕಿ ರಿಪೇರಿಗೆ ಬಂದರೆ ಉತ್ತರ ಇಲ್ಲ. ಒಂದೆರಡು ಡಿಸೈನು, ಅಳತೆ ಗೊತ್ತುಮಾಡಿ ಕಮಲಾಪುರದಲ್ಲೇ ಮಾಡಿಸಿ ಶೋರೂಮಿನಲ್ಲಿಟ್ಟರೆ ಎರಡೂ ಕಡೆಗೆ ಲಾಭ. ಆದರೆ ಬಡಿಗನೂ ಹೇಳಿದ ದಿನಕ್ಕೆ ಮಾಲು ಕೊಡಬೇಕು, ಹಸಿ ಮರ ಹಾಕಬಾರದು. ಇಲ್ಲಿನ ಬೇಸಿಗೆಗೆ ಹಸಿ ಹಲಗೆ ಬಿರುಕು ಬಿಟ್ಟೇ ಬಿಡುತ್ತದೆ, ಆ ಗಿರಾಕಿ ಮತ್ತೆ ಬರಲ್ಲ.

ಯೋಜನೆಯ ಅವಧಿ 2027-28ರ ತನಕ. ಅಷ್ಟರೊಳಗೆ ಅಂಗಡಿಯವರೂ ಬಡಿಗರೂ ಒಮ್ಮೆ ಕೂತು ಮಾತಾಡದಿದ್ದರೆ, ಆಯ ಹೋದ ದಾರಿಯಲ್ಲೇ ಈ ಕಸುಬೂ ಹೋಗ್ತದ.